ಮಾವನ ಚುನಾವಣೆಗೆ ರಷ್ಯಾದ ಸಿನಿಮಾ

ನಮ್ಮ ಮಾವನಿಗೆ ಇರುವುದು ಒಂದೇ ಮುಖ. ಮದುವೆ ಮನೆಗೂ ಅದೇ, ಸಾವಿನ ಮನೆಗೂ ಅದೇ. ನನ್ನನ್ನು ನೋಡಲು ನನ್ನ ತವರು ಕುಂದಾಣಕ್ಕೆ ಬಂದ ದಿನ ಉಪ್ಪಿಟ್ಟಿನ ತಟ್ಟೆ ಹಿಡಿದು ಕೂತಿದ್ದ ಅವರನ್ನು ಕಂಡು ನಮ್ಮಮ್ಮ, ಸಂಬಂಧ ಕೂಡಲಿಲ್ಲ ಎಂದು ಅಡುಗೆಮನೆಯಲ್ಲಿ ಅತ್ತಿದ್ದಳು. ಅವರೋ ಇನ್ನೊಂದು ಸಲ ಉಪ್ಪಿಟ್ಟು ಹಾಕಿಸಿಕೊಂಡು, ಮದುವೆಗೆ ಒಪ್ಪಿಕೊಂಡೇ ಎದ್ದರು.

ಇಂಥವರು ಹೋದ ವರ್ಷ ಅಧ್ಯಕ್ಷರಾಗಬೇಕೆಂದು ಊರಿನ ಹಾಲಿನ ಡೈರಿ ಚುನಾವಣೆಗೆ ನಿಂತರು. ಹೊಸಕೋಟೆ ಸೀಮೆಯಲ್ಲಿ ದೆಹಲಿಯ ಚುನಾವಣೆಯನ್ನು ಜನ ಟೀವಿಯಲ್ಲಿ ನೋಡಿ ಮಲಗುತ್ತಾರೆ, ಡೈರಿ ಚುನಾವಣೆಗೆ ಮಾತ್ರ ನಿದ್ದೆ ಕೆಡುತ್ತಾರೆ. ಎದುರಾಳಿ ಬೇರೆ ಯಾರೂ ಅಲ್ಲ, ಮಾವನ ಬಾಲ್ಯದ ಗೆಳೆಯರೊಬ್ಬರು, ಆಗಿನ ಅಧ್ಯಕ್ಷರು. ಒಂದು ಬೆಳಗ್ಗೆ ಎಲ್ಲರೂ ಕ್ಯಾನು ಹಿಡಿದು ಸಾಲಾಗಿ ನಿಂತಿದ್ದಾಗ ಅವರು ಮಾವನಿಗೆ, "ನಿನ್ನ ಹಾಲಿಗೆ ಡಿಗ್ರಿ ಬರ್ತಿಲ್ಲ ಕಣೋ" ಎಂದುಬಿಟ್ಟಿದ್ದರು. ಹಾಲಿಗೆ ನೀರು ಬೆರೆಸಿದ್ದೀಯ ಎನ್ನುವುದನ್ನು ಡೈರಿಯಲ್ಲಿ ಮರ್ಯಾದೆಯಾಗಿ ಹೇಳುವುದು ಹಾಗೆ. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ. ಮಾವನಿಗೆ ಕುರ್ಚಿ ಬೇಕಿರಲಿಲ್ಲ, ಆ ಮಾತು ಎಲ್ಲರೆದುರು ವಾಪಸ್ ಬರಬೇಕಿತ್ತು.

ನಾನು ಬೆಂಗಳೂರಿನಲ್ಲಿ ಪತ್ರಿಕೋದ್ಯಮ ಓದಿದವಳು. ಮನೆಯವರಿಗೆ ಅರ್ಥವಾಗಿದ್ದು ಸೊಸೆ ಸಿನಿಮಾ ಓದಿದ್ದಾಳೆ ಎಂದಷ್ಟೇ.

"ಸಿನಿಮಾ ಓದಿದೀಯಲ್ಲಮ್ಮ, ಊರಿನ ಗ್ರೂಪಿಗೆ ಹಾಕೋ ಥರ ಒಂದು ವೀಡಿಯೊ ಮಾಡ್ಕೊಡು" ಎಂದರು ಮಾವ.

ನನಗೆ ಎಷ್ಟು ಖುಷಿಯಾಯಿತೆಂದರೆ, ಅನ್ನ ಸೀದದ್ದೂ ಗೊತ್ತಾಗಲಿಲ್ಲ. ಕಾಲೇಜಿನಲ್ಲಿ ನಮಗೆ ಹಳೇ ರಷ್ಯಾದ ಮೂಕಿ ಚಿತ್ರಗಳನ್ನು ತೋರಿಸುತ್ತಿದ್ದರು. ಕ್ಲಾಸಿಗೆ ಕ್ಲಾಸೇ ನಿದ್ದೆ ಹೊಡೆಯುತ್ತಿದ್ದಾಗ ನಾನೊಬ್ಬಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಕ್ರಾಂತಿಯಾದ ಮೇಲೆ ಅಲ್ಲಿನ ಸರ್ಕಾರ, ಜನರಿಗೆ ಓದು ಬರುವುದಿಲ್ಲ, ಸಿನಿಮಾ ತೋರಿಸಿ ಒಪ್ಪಿಸೋಣ ಎಂದು ರೈಲಿನಲ್ಲಿ ಪ್ರೊಜೆಕ್ಟರ್ ತುಂಬಿಕೊಂಡು ಹಳ್ಳಿಹಳ್ಳಿಗೆ ಹೋಗುತ್ತಿತ್ತಂತೆ. ನಮ್ಮಲ್ಲಿ ಮೈಕು ಕಟ್ಟಿಕೊಂಡು ಆಟೊ ಬರುವುದಿಲ್ಲವೇ, ಹಾಗೆ. ಒಂದು ಚಿತ್ರವಂತೂ ಹಾಲಿನ ಸಂಘದ ಮೇಲೆಯೇ! ಊರಿಗೆ ಕೆನೆ ತೆಗೆಯುವ ಯಂತ್ರ ಬರುತ್ತದೆ, ರೈತರು ಅದನ್ನು ಹೆಣ್ಣು ನೋಡಲು ಬಂದ ಬೀಗರ ಹಾಗೆ ಅನುಮಾನದಿಂದ ನೋಡುತ್ತಾರೆ, ಕೊನೆಗೆ ಕೆನೆ ಚಿಮ್ಮಿದಾಗ ಎಲ್ಲರ ಮುಖವೂ ಅರಳುತ್ತದೆ.

ಆ ರಷ್ಯಾದ ಸಿನಿಮಾದವರದೊಂದು ಚಮತ್ಕಾರವೂ ಇತ್ತು. ಯಾವ ಭಾವವೂ ಇಲ್ಲದ ಒಬ್ಬ ನಟನ ಮುಖ. ಅದರ ಪಕ್ಕಕ್ಕೆ ಒಂದು ಬಟ್ಟಲು ಸೂಪು ಜೋಡಿಸಿದರೆ ನೋಡಿದವರು, ಪಾಪ ಹಸಿದಿದ್ದಾನೆ ಎನ್ನುತ್ತಾರೆ. ಮಗುವನ್ನು ಜೋಡಿಸಿದರೆ, ಎಂಥಾ ಅಕ್ಕರೆ ಎನ್ನುತ್ತಾರೆ. ಹೆಣದ ಪೆಟ್ಟಿಗೆ ಜೋಡಿಸಿದರೆ ಅವರೇ ಕಣ್ಣೊರೆಸಿಕೊಳ್ಳುತ್ತಾರೆ. ಮುಖ ಮಾತ್ರ ಅದದೇ. ಅಂಥ ಮುಖ ನಮ್ಮ ಮನೆಯ ಕೊಟ್ಟಿಗೆಯಲ್ಲೇ ಓಡಾಡಿಕೊಂಡಿರುವಾಗ ನನ್ನನ್ನು ಹಿಡಿಯುವವರು ಯಾರು?

ರಷ್ಯಾದವರು ನಾಯಕನನ್ನು ಕೆಳಗಿನಿಂದ ತೆಗೆಯುತ್ತಾರೆ. ನಾನೂ ಗೋಣಿಚೀಲ ಹಾಸಿಕೊಂಡು ಕೊಟ್ಟಿಗೆಯ ಮುಂದೆ ಅಂಗಾತ ಮಲಗಿ ಮೊಬೈಲು ಹಿಡಿದೆ. ಮಾವ ಆಕಾಶ ನೋಡಿದರು. ಅತ್ತೆಯೂ ಹೊರಗೆ ಬಂದು ಆಕಾಶ ನೋಡಿ, "ಮಳೆ ಬರೋ ಹಂಗಿದ್ಯಾ? ರಾಗಿ ಎತ್ತಿಡ್ಲಾ?" ಎಂದರು. ಮಾವನ ಮುಖದ ಪಕ್ಕಕ್ಕೆ ಕರು, ಹಾಲು ಕುಡಿಯುವ ಮಕ್ಕಳು, ಕ್ಯಾನು ಹೊತ್ತ ಹೆಂಗಸರು. ಹಿಂದೆ ಗಂಭೀರವಾದ ಸಂಗೀತ. ಎಲ್ಲವೂ ಕಪ್ಪು ಬಿಳುಪು. ರಷ್ಯಾದ ಗುರುಗಳಿಗೆ ಅಷ್ಟಾದರೂ ಗೌರವ ಬೇಡವೇ?

ಆಗ ಮಾವ ಡೈರಿಯ ವಾರ್ಷಿಕೋತ್ಸವದ ಫೋಟೊ ಒಂದನ್ನು ತಂದುಕೊಟ್ಟರು. ಗೆಳೆಯರಿಬ್ಬರೂ ಒತ್ತಿಕೊಂಡು ನಿಂತಿದ್ದಾರೆ.

"ಇದನ್ನೂ ಸೇರ್ಸಮ್ಮ. ಇವನನ್ನ ಮಾತ್ರ ತೆಗೆದ್ಬಿಡು."

ನಾನು ದಂಗಾದೆ. ರಷ್ಯಾದಲ್ಲೂ ದೊಡ್ಡವರ ಜೊತೆ ಮುನಿಸಿಕೊಂಡವರನ್ನು ಫೋಟೊದಿಂದಲೂ ಸಿನಿಮಾದಿಂದಲೂ ಹೀಗೆಯೇ ತೆಗೆದುಹಾಕುತ್ತಿದ್ದರು. ನಮ್ಮ ಮಾವ ರಷ್ಯಾದ ಮುಖ ನೋಡದೆ, ಸ್ವಂತ ಬುದ್ಧಿಯಿಂದಲೇ ಅಲ್ಲಿಗೆ ತಲುಪಿದ್ದರು. ಫೋಟೊವನ್ನು ಮೊಬೈಲಿಗಿಳಿಸಿ, ಬೆರಳಲ್ಲಿ ಉಜ್ಜಿ ಮಾವನ ಗೆಳೆಯರನ್ನು ಅಳಿಸಿದೆ. ಅವರು ಮಾವನ ಹೆಗಲ ಮೇಲಿಟ್ಟಿದ್ದ ಕೈ ಮಾತ್ರ ಹೋಗಲೊಲ್ಲದು. ಇನ್ನೂ ಉಜ್ಜಿದರೆ ಮಾವನ ಕಿವಿ ಹೋಗುತ್ತಿತ್ತು.

"ಕೈ ಹೋಗ್ತಿಲ್ಲ ಮಾವ."

"ಇರ್ಲಿ ಬಿಡು, ಯಾರ್ ನೋಡ್ತಾರೆ" ಎಂದರು.

ಮರುದಿನ ಬೆಳಗ್ಗೆ ಮಾವ ಮೊಬೈಲನ್ನು ಚಾರ್ಜಿಗೆ ಹಾಕಿ, ಮೊಪೆಡ್ ಹತ್ತಿ ಸೀಮೆಹುಲ್ಲು ಕೊಯ್ಯಲು ತೋಟಕ್ಕೆ ಹೋದರು. ನಾನು ವೀಡಿಯೊವನ್ನು ಗ್ರೂಪಿಗೆ ಹಾಕಿದೆ. ನಿಮಿಷದೊಳಗೆ ಕೈಮುಗಿದ ಚಿತ್ರಗಳು ಸಾಲುಗಟ್ಟಿ ಬಂದವು. ಪ್ರಚಾರ ಹತ್ತಿಕೊಂಡಿತು ಎಂದು ಕುಣಿದಾಡಿ, "ಧನ್ಯವಾದಗಳು, ನಿಮ್ಮೆಲ್ಲರ ಆಶೀರ್ವಾದ ಇರಲಿ" ಎಂದು ಬರೆದೆ. ಒಬ್ಬರು "ಯಾವಾಗ?" ಎಂದು ಕೇಳಿದರು. ಚುನಾವಣೆ ತಾನೇ, "ಭಾನುವಾರ" ಎಂದೆ. "ಅಲ್ಲೀವರೆಗೂ ಇಡ್ತೀರಾ?" ಎಂದು ಇನ್ನೊಬ್ಬರು ಕೇಳಿದಾಗ, ಹೌದು, ವೀಡಿಯೊ ಅಲ್ಲೀವರೆಗೂ ಗ್ರೂಪಿನಲ್ಲೇ ಇರುತ್ತದೆ ಎಂಬರ್ಥದಲ್ಲಿ ಹೆಬ್ಬೆರಳು ಎತ್ತಿದೆ.

ನಾನು ರಷ್ಯಾ ನೆನಪಿಟ್ಟುಕೊಂಡು ನಮ್ಮೂರನ್ನು ಮರೆತಿದ್ದೆ. ನಮ್ಮ ಕಡೆ ಮನುಷ್ಯನ ಮುಖದಿಂದ ಬಣ್ಣ ಹೋಗುವುದು ಒಂದೇ ಸಲ, ಶ್ರದ್ಧಾಂಜಲಿಯ ಫ್ಲೆಕ್ಸಿನಲ್ಲಿ. ಅದರ ಮೇಲೆ ಆಕಾಶ ನೋಡುವ ಕಣ್ಣು, ಅಳುವ ಸಂಗೀತ, ಸಾಲದ್ದಕ್ಕೆ ಹೆಗಲ ಮೇಲೆ ಎಲ್ಲಿಂದಲೋ ಬಂದ ಕೈ. ಯಮನ ಕೈ ಎಂದು ಊರು ತೀರ್ಮಾನಿಸಿತ್ತು.

ಹಾಲಿನ ವ್ಯಾನು ಬರುವ ಮುಂಚೆ ನಮ್ಮ ಅಂಗಳ ತುಂಬಿತು. ಸಮೇತನಹಳ್ಳಿಯಿಂದ ಬಂದ ಮಾವನ ತಂಗಿ ಟೆಂಪೊದಿಂದ ಇಳಿಯುವಾಗಲೇ ಎದೆ ಬಡಿದುಕೊಂಡರು. ಪಾತ್ರೆ ತೊಳೆಯುತ್ತಿದ್ದ ಅತ್ತೆ ಓಡಿಬಂದು ಅವರನ್ನು ತಬ್ಬಿಕೊಂಡು ಜೋರಾಗಿ ಅತ್ತರು. ಚೆನ್ನಾಗಿ ಅತ್ತಾದ ಮೇಲೆ ನನ್ನ ಕಿವಿಯಲ್ಲಿ, "ಯಾರಮ್ಮ ಹೋಗಿದ್ದು?" ಎಂದರು. ಬಂದವರೆಲ್ಲ ಮಾವನನ್ನು ಹೊಗಳುವವರೇ. ಮುಖ ಗಂಟಿಕ್ಕಿದ್ದರೂ ಮನಸ್ಸು ಬೆಣ್ಣೆ ಎಂದರು. ಮಾವ ತೋಟದಲ್ಲಿದ್ದಾರೆ ಎಂದು ನಾನು ಕೂಗಿಕೂಗಿ ಹೇಳಿದರೆ, ಪಾಪ, ಸೊಸೆಗೆ ತಲೆ ಕೆಟ್ಟಿದೆ ಎಂದು ನೀರು ಕುಡಿಸಿ ಕೂರಿಸಿದರು.

ಆಗ ಬಂದರು ಮಾವನ ಗೆಳೆಯರು, ಕೈಯಲ್ಲಿ ತೋಳುದ್ದದ ಸುಗಂಧರಾಜದ ಹಾರ. ನನ್ನೆದುರು ಕುಸಿದು ಕೂತು ಮೊಬೈಲು ತೋರಿಸಿದರು.

"ಈ ಕೈ ನಂದು ಕಣಮ್ಮ. ಉಂಗುರ ನೋಡು."

ನಾನು ಮೆಲ್ಲಗೆ ಒಳಗೆ ಜಾರಲು ನೋಡಿದೆ.

"ನನ್ನ ಪೂರ್ತಿ ತೆಗೆದಾಕಿದಾನೆ" ಎಂದು ಬಿಕ್ಕಿದರು. "ಆದ್ರೂ ನನ್ನ ಕೈ ಬಿಡ್ಲಿಲ್ಲ ನೋಡು! ಅವನ ಹಾಲು ಸರಿಯಾಗೇ ಇತ್ತು ಕಣಮ್ಮ. ಡಿಗ್ರಿ ನೋಡೋ ಕಡ್ಡಿನೇ ಕೆಟ್ಟಿತ್ತು. ಆಮೇಲೆ ಗೊತ್ತಾಯ್ತು, ಹೇಳೋಕೆ ಬಾಯಿ ಬರ್ಲಿಲ್ಲ."

ಎಲ್ಲರ ಹಿಂದೆ, ಮೊಪೆಡ್ಡಿನ ಮೇಲಿನ ಹುಲ್ಲಿನ ಹೊರೆಯ ಆಚೆಯಿಂದ ಒಂದು ದನಿ ಬಂತು.

"ಲೇ, ಅದನ್ನ ಇನ್ನೊಂದ್ಸಲ ಗಟ್ಟಿಯಾಗಿ ಹೇಳೋ. ಹಿಂದಿರೋರಿಗೆ ಕೇಳಿಸ್ಲಿಲ್ಲ."

ಮಾವನ ತಂಗಿ ಕಿಟಾರನೆ ಕಿರುಚಿದರು. ಗೆಳೆಯರು ಎದ್ದು, "ಥೂ ನಿನ್ನ, ಬದುಕಿದ್ದೀಯೇನೋ!" ಎಂದು ಬೈದು, ತಂದ ಹಾರ ದಂಡವಾಗಬಾರದೆಂದು ಅದನ್ನು ಮಾವನ ಕೊರಳಿಗೇ ಹಾಕಿ, ಹೆಗಲ ಮೇಲೆ ಕೈ ಇಟ್ಟರು. ನಾನು ಮಾವನ ಮುಖ ನೋಡಿದೆ. ಅದೇ ಮುಖ, ಗಲ್ಲ ಮಾತ್ರ ನಡುಗುತ್ತಿತ್ತು. ನನಗೆ ನಗು ಅಳು ಎರಡೂ ಒಟ್ಟಿಗೆ ಬಂದವು.

ಭಾನುವಾರ ಗೆಳೆಯರೇ ಗೆದ್ದರು. ಮಾವನ ವೋಟೂ ಅವರಿಗೇ ಬಿದ್ದಿದೆ ಎಂದು ಅತ್ತೆಗೆ ಇವತ್ತಿಗೂ ಅನುಮಾನ. ಸಂಜೆ ಮಾವ ಅದೇ ಫೋಟೊ ಹಿಡಿದು ಬಂದರು.

"ಅವನನ್ನ ವಾಪಸ್ ಹಾಕಮ್ಮ. ಪೂರ್ತಿ ಹಾಕು."

ರಷ್ಯಾದಲ್ಲಿ ಅಳಿಸಿದವರನ್ನು ವಾಪಸ್ ಹಾಕಲು ಎಷ್ಟೋ ಕಾಲ ಬೇಕಾಯಿತು. ನನಗೆ ಕಷ್ಟವೇನಿರಲಿಲ್ಲ, ಮೂಲ ಫೋಟೊ ಎದುರಿಗೇ ಇತ್ತು. ಗ್ರೂಪಿಗೆ ಹಾಕಬೇಕು ಎನ್ನುವಷ್ಟರಲ್ಲಿ ಮಾವ ನನ್ನ ಹೆಗಲ ಮೇಲಿಂದ ಬಗ್ಗಿ ಮೊಬೈಲು ನೋಡಿದರು.

"ಏನಮ್ಮಾ, ಈ ಸಲ ಕಲರ್‌ನಲ್ಲೇ ಇರ್ಲಿ" ಎಂದರು. "ಇನ್ನೊಂದ್ಸಲ ಸಾಯೋಕೆ ನಂಗೆ ಪುರುಸೊತ್ತಿಲ್ಲ."