ಬಾಗಿಲು ತೆರೆದವಳ ಕತೆ

ಕೆಳಗಿನ ಮನೆಯ ದೊಡ್ಡಮ್ಮನ ಎಡಗಣ್ಣಿನ ರೆಪ್ಪೆ ಅರ್ಧ ಜೋತುಬಿದ್ದಿತ್ತು. ಕತೆ ಹೇಳುವಾಗ ಮಾತ್ರ ಅದು ಮೆಲ್ಲನೆ ಮೇಲೇಳುತ್ತಿತ್ತು; ನಾನೂ ತಂಗಿಯೂ ಅಂಟಿಕೊಂಡು ಕೂರುತ್ತಿದ್ದೆವು. ಕಲ್ಕತ್ತೆಯ ಬೆಹಾಲಾ ಬಡಾವಣೆಯ ಆ ಕಟ್ಟಡದಲ್ಲಿ ಕನ್ನಡದ ಮನೆಗಳು ಎರಡೇ: ನಮ್ಮದು, ದೊಡ್ಡಮ್ಮನದು. ಅವರ ಯಜಮಾನರು ಉಡುಪಿ ಕಡೆಯವರು, ಮದುವೆ ಮನೆಗಳ ಅಡುಗೆ ಕಂಟ್ರಾಕ್ಟು ಮಾಡುತ್ತಿದ್ದರು.

ದೊಡ್ಡಮ್ಮನ ಕತೆ ಒಂದೇ. ಮನೆಯವರು ಬೇಡವೆಂದರೂ ಹುಡುಗಿಯೊಬ್ಬಳು ಬಾಗಿಲು ತೆರೆಯುತ್ತಾಳೆ. ಹೊರಗೆ ನಿಂತ ರಾಕ್ಷಸ ಅವಳನ್ನು ಜಡೆ ಹಿಡಿದು ಎಳೆದೊಯ್ಯುತ್ತಾನೆ. "ಮತ್ತೆ ಅವಳ ಹೆಸರನ್ನೂ ಯಾರೂ ಎತ್ತಲಿಲ್ಲ," ಎಂದು ಮುಗಿಸುತ್ತಿದ್ದರು. ತಮ್ಮ ಮಗನಿಗೂ ಅದನ್ನೇ ಹೇಳುತ್ತಿದ್ದರು. ಅಲ್ಲಿ ಬಾಗಿಲು ತೆರೆಯುವವನು ಹುಡುಗ, ಸಾಯುವವನು ರಾಕ್ಷಸ.

ಇಪ್ಪತ್ತೆರಡನೇ ವಯಸ್ಸಿಗೆ ನನಗೆ ಸಾಲ್ಟ್ ಲೇಕಿನ ಐಟಿ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು. ಆಗ ಅಲ್ಲಿ ನೋಡನೋಡುತ್ತ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಅಪ್ಪನಿಗೆ ಖುಷಿಯೋ ಖುಷಿ. ನನಗೆ ಅನ್ನ ಇಳಿಯಲಿಲ್ಲ. ಕಾಲೇಜಿಗೂ ಅಪ್ಪನ ಸ್ಕೂಟರಿನಲ್ಲೇ ಹೋದವಳು ನಾನು. ಒಬ್ಬಳೇ ಚಿಲಕ ತೆಗೆದರೆ ಯಾರೋ ಜಡೆ ಹಿಡಿದಂತಾಗುತ್ತಿತ್ತು. ಕೆಲಸ ಬೇಡ ಎಂದುಕೊಂಡೇ ದೊಡ್ಡಮ್ಮನ ಬಳಿ ಹೋದೆ.

"ದೊಡ್ಡಮ್ಮ, ನಮ್ಮ ಕತೆಯಲ್ಲಿ ರಾಕ್ಷಸ ಯಾಕೆ ಸಾಯೋದಿಲ್ಲ?"

ಅವರು ಯಜಮಾನರು ಮಲಗಿದ್ದ ಕೋಣೆಯತ್ತ ನೋಡಿ ದನಿ ತಗ್ಗಿಸಿದರು. "ನನಗೆ ಟೀಚರ್ ಟ್ರೈನಿಂಗಿಗೆ ಸೀಟು ಸಿಕ್ಕಿತ್ತು ಮಗಾ. ಹೊರಡುವ ಹಿಂದಿನ ದಿನ ಅಜ್ಜಿ ಈ ಕತೆ ಹೇಳಿದ್ರು. ನಾನು ಹೋಗ್ಲೇ ಇಲ್ಲ. ನಿಂಗೂ ಅದನ್ನೇ ಹೇಳಿಬಿಟ್ಟೆ."

ಕೆಲಸದ ಮೊದಲ ದಿನ ಅವರೇ ನನ್ನ ಕೈ ಹಿಡಿದು ದೊಡ್ಡ ರಸ್ತೆಯ ಬಸ್ ಸ್ಟಾಪಿಗೆ ಬಂದರು. ಬಸ್ಸು ಹೊರಟ ಮೇಲೆ ಹೊಳೆಯಿತು: ಅವರು ಆ ರಸ್ತೆಯಿಂದ ಎಂದೂ ಒಬ್ಬರೇ ಮನೆಗೆ ಹೋದವರಲ್ಲ. ಕಿಟಕಿಯಿಂದ ನೋಡಿದೆ. ಸೆರಗನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ಆಟೋಗಳ ನಡುವೆ ದಿಕ್ಕು ತೋಚದೆ ನಿಂತಿದ್ದರು. ಇಳಿಯಲು ಎದ್ದೆ. ಅವರು ಹೋಗು, ಹೋಗು ಎಂದು ಕೈ ಬೀಸಿದರು.

ಸಂಜೆ ಬಸ್ಸಿಳಿದು ಓಡಿದೆ. ದೊಡ್ಡಮ್ಮ ತರಕಾರಿ ಹೆಚ್ಚುತ್ತಿದ್ದರು.

"ಎರಡು ಸಲ ಗಲ್ಲಿ ತಪ್ಪಿತು. ಅಳುವೇ ಬಂತು. ಮೀನು ಮಾರುವ ಹೆಂಗಸು ಮನೆವರೆಗೆ ಬಿಟ್ಟುಹೋದ್ಲು." ಯಜಮಾನರ ಕೋಣೆಯತ್ತ ನೋಡಿ, "ಇವರಿಗೆ ಹೇಳ್ಬೇಡ," ಎಂದರು.

ಮೂರು ವರ್ಷದ ಮೇಲೆ ಅವರು ಜ್ವರದಲ್ಲಿ ತೀರಿಕೊಂಡರು. ಮಾತಾಡಿಸಲು ಬಂದವರಿಗೆಲ್ಲ ಯಜಮಾನರು ಹೆಮ್ಮೆಯಿಂದ ಹೇಳುತ್ತಿದ್ದರು: "ಒಂದು ದಿನವೂ ಒಬ್ಬಳೇ ಬೀದಿಗೆ ಕಾಲಿಟ್ಟವಳಲ್ಲ."

ಇನ್ನು ದೊಡ್ಡಮ್ಮನನ್ನು ಬೈಯಲು ಯಾರಿಂದಲೂ ಆಗುವಂತಿರಲಿಲ್ಲ.

"ಇಟ್ಟಿದ್ರು ದೊಡ್ಡಪ್ಪ," ಎಂದೆ. "ನನಗೋಸ್ಕರ."