ಒಂದೇ ತಾರೀಖಿನಲ್ಲಿ ಮೂರು ದಿನ

ಬೀದಿಯವರೆಲ್ಲ ಅವಳನ್ನು ಫ್ರೇಮಿನಕ್ಕ ಎನ್ನುತ್ತಿದ್ದರು. ಕಾಗದದ ಕಾರ್ಖಾನೆಯ ಕಾಂಪೌಂಡಿಗೆ ಬೆನ್ನು ಕೊಟ್ಟು ನಿಂತ ಸಾಲುಮನೆಗಳ ತುದಿಯಲ್ಲಿ ಅವಳ ಅಂಗಡಿ. ಗೋಡೆಗೆ ಒರಗಿಸಿದ ಗಾಜಿನ ಹಾಳೆಗಳು, ಮರದ ಪಟ್ಟಿಗಳು, ರಟ್ಟು, ಡಬ್ಬಿ ತುಂಬ ಸಣ್ಣ ಮೊಳೆ, ಯಾವಾಗಲೂ ಅಂಟಿನ ವಾಸನೆ. ಸೋದರಮಾವನ ಕೈಕೆಳಗೆ ಕಲಿತ ಕಸುಬು. ಮಾವ ಹೋದ ಮೇಲೆ ಅಂಗಡಿಯೂ ಅವಳ ಪಾಲಿಗೇ ಬಂತು. ಮದುವೆಯ ಫೋಟೋ ತಂದವರಿಗೂ ತೀರಿಹೋದವರ ಫೋಟೋ ತಂದವರಿಗೂ, "ನನ್ನ ಹತ್ರ ನಗೋರೂ ಅಳೋರೂ ಒಂದೇ ಸೈಜು" ಎಂದು ಹೇಳುತ್ತಲೇ ಅಳತೆ ಹಿಡಿಯುತ್ತಿದ್ದಳು.

ಕಾರ್ಖಾನೆಯ ಬಾಯ್ಲರ್ ಸಿಡಿದ ದಿನವೇ ಅವಳು ಹುಟ್ಟಿದ್ದು. ಬೆಳಿಗ್ಗೆ ಅಪ್ಪ ಹೋದ, ಸಂಜೆ ಮಗಳು ಬಂದಳು. ಇನ್ನೂ ವಾರ ಇದೆ ಎಂದಿದ್ದ ಹೆರಿಗೆ, ಸುದ್ದಿ ಕೇಳಿದ ಆಘಾತಕ್ಕೆ ಅವತ್ತೇ ಆಗಿಹೋಯಿತು. ಅಪ್ಪನ ಜೊತೆ ಅದೇ ಸಾಲಿನ ಇನ್ನೂ ಕೆಲವು ಮನೆಗಳ ಗಂಡಸರು ತೀರಿಕೊಂಡಿದ್ದರು. ಆಮೇಲೆ ಪ್ರತಿ ವರ್ಷ ಆ ತಾರೀಖಿಗೆ ಕಾರ್ಖಾನೆಯ ಗೇಟಿನ ಮುಂದೆ ಸತ್ತವರ ಫೋಟೋಗಳನ್ನು ಸಾಲಾಗಿ ಇಡುವುದು, ಸೈರನ್ ಕೂಗಿಸುವುದು, ಎಲ್ಲರೂ ತಲೆ ತಗ್ಗಿಸಿ ನಿಲ್ಲುವುದು ನಡೆದುಕೊಂಡು ಬಂತು.

ಅಕ್ಕಪಕ್ಕದ ಮನೆಗಳಲ್ಲಿ ಜನ ಅಳುತ್ತಿರುವಾಗ ತನ್ನ ಮನೆಯಿಂದ ಸಿಹಿಯ ವಾಸನೆ ಹೊರಗೆ ಹೋಗಬಾರದು ಎಂದು ಅವ್ವ ತೀರ್ಮಾನ ಮಾಡಿದ್ದಳು. ಹಾಗಾಗಿ ಮಗಳ ಹುಟ್ಟುಹಬ್ಬ ಮರುದಿನ. ಶಾಲೆಗೆ ಸೇರುವವರೆಗೂ ತಾನು ಮರುದಿನವೇ ಹುಟ್ಟಿದವಳು ಎಂದು ಹುಡುಗಿ ನಂಬಿದ್ದಳು. ಮೇಷ್ಟ್ರು ಹಾಜರಿ ಪುಸ್ತಕ ನೋಡಿ ನಿಜವಾದ ತಾರೀಖು ಓದಿದಾಗ, ಅದು ನಮ್ಮಪ್ಪನ ದಿನ, ನಂದಲ್ಲ ಎಂದು ವಾದಕ್ಕೆ ನಿಂತಿದ್ದಳು. ಅಳುತ್ತಾ ಮನೆಗೆ ಬಂದವಳ ಮೂಗು ಒರೆಸಿ ಅವ್ವ, ಎರಡೂ ನಿಜವೇ, ತಿನ್ನೋದು ಮಾತ್ರ ನಾಳೆ ಎಂದು ಸಮಾಧಾನ ಮಾಡಿದ್ದಳು. ಅದೇ ರೂಢಿಯಾಯಿತು. ಬಸ್ ಓಡಿಸುವ ಗಂಡ ಬಂದ ಮೇಲೂ ಬದಲಾಗಲಿಲ್ಲ. ಹೆಂಡತಿಯ ವಯಸ್ಸು ಒಂದು ದಿನ ಕಮ್ಮಿಯಾದರೆ ತನಗೇ ಲಾಭ ಎಂದು ಅವನು ತಮಾಷೆ ಮಾಡುತ್ತಿದ್ದ.

ಅವಳಿಗೆ ಐವತ್ತು ತುಂಬುವ ವರ್ಷ, ಆ ತಾರೀಖಿಗೆ ಇನ್ನು ನಾಲ್ಕೈದು ದಿನ ಇರುವಾಗ, ಉದ್ದಣ್ಣನ ಹೆಂಡತಿ ಅಂಗಡಿಗೆ ಬಂದಳು. ಉದ್ದಣ್ಣ ಎಂದರೆ ಕಾರ್ಖಾನೆಯಿಂದ ನಿವೃತ್ತನಾದ ಮುದುಕ, ಎರಡು ಬೀದಿ ಆಚೆ ಮನೆ. ಬಾಗಿಲು ದಾಟುವಾಗಲೆಲ್ಲ ತಲೆ ಬಗ್ಗಿಸಬೇಕಾದಷ್ಟು ಎತ್ತರ. ಗೇಟಿನ ಮುಂದೆ ಪ್ರತಿ ವರ್ಷ ಎಲ್ಲರಿಗಿಂತ ಹಿಂದೆ ನಿಲ್ಲುತ್ತಿದ್ದ, ಸೈರನ್ ನಿಂತ ಕೂಡಲೇ ಯಾರ ಜೊತೆಗೂ ಮಾತಾಡದೆ ಹೊರಟುಬಿಡುತ್ತಿದ್ದ. ಮುಂದೆ ನಿಂತರೆ ಹಿಂದಿನವರಿಗೆ ಕಾಣುವುದಿಲ್ಲವಲ್ಲ, ಅದಕ್ಕೇ ಹಿಂದೆ ಎಂದು ಜನ ಅಂದುಕೊಂಡಿದ್ದರು.

ಮುದುಕಿ ಚೀಲದಿಂದ ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ ಫೋಟೋ ತೆಗೆದಳು. ಮದುವೆಯ ಫೋಟೋ. ಅಂಚು ಹಳದಿಯಾಗಿತ್ತು, ಎಲ್ಲೂ ಮೊಳೆಯ ಗುರುತಿಲ್ಲ. ಇಷ್ಟು ವರ್ಷ ಫ್ರೇಮು ಹಾಕಿಸದೆ ಯಾಕಿಟ್ಟಿರಿ ಅಮ್ಮ ಎಂದು ಫ್ರೇಮಿನಕ್ಕ ಸಹಜವಾಗಿ ಕೇಳಿದಳು. ಮುದುಕಿ ಸ್ಟೂಲಿನ ಮೇಲೆ ಕೂತು, ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಇದನ್ನ ಗೋಡೆಗೆ ಹಾಕೋಕೆ ಅವರು ಬಿಡಲಿಲ್ಲ ಕಣಮ್ಮ. ನಮ್ಮ ಮದುವೆ ಆಗಿದ್ದು ಬಾಯ್ಲರ್ ಸಿಡಿದ ದಿನ. ಅವತ್ತಿನ ಪಾಳಿ ಅವರದು. ಮದುವೆ ಇದೆ ಅಂತ ನಿಮ್ಮಪ್ಪನ್ನ ಕೇಳಿ ಬದಲಾಯಿಸಿಕೊಂಡಿದ್ರು."

ಫ್ರೇಮಿನಕ್ಕನ ಕೈಯಲ್ಲಿದ್ದ ಅಳತೆಪಟ್ಟಿ ಸರ್ರನೆ ಸುತ್ತಿಕೊಂಡು ಒಳಗೆ ಹೋಯಿತು. ಮುದುಕಿ ಹೇಳುತ್ತಲೇ ಹೋದಳು. ಛತ್ರದಲ್ಲಿ ಊಟಕ್ಕೆ ಕೂರುವ ಹೊತ್ತಿಗೆ ಸುದ್ದಿ ಬಂದಿತ್ತಂತೆ. ಗಂಡ ಮದುವೆಯ ಬಟ್ಟೆಯಲ್ಲೇ ಕಾರ್ಖಾನೆಗೆ ಓಡಿದ್ದನಂತೆ. ಆಮೇಲೆ ಒಂದು ವರ್ಷವೂ ಅವನು ಆ ದಿನವನ್ನು ತಮ್ಮದೆಂದು ಒಪ್ಪಿಕೊಂಡಿರಲಿಲ್ಲ. ನುಂಗಲಾರದ ಉಗುಳಲಾರದ ಬಿಸಿತುಪ್ಪದ ಹಾಗೆ ಬಾಯಲ್ಲೇ ಇಟ್ಟುಕೊಂಡು ಮುದುಕನಾಗಿದ್ದ. ಈ ಸಲ ಐವತ್ತು. ಅವನಿಗೆ ತಿಳಿಸದೆ ಫೋಟೋ ತಂದಿದ್ದೇನೆ, ಬೇರೆ ಅಂಗಡಿಗೆ ಹೋಗಬಹುದಿತ್ತು, ಆದರೆ ನಿನಗೆ ಗೊತ್ತಿಲ್ಲದೆ ಗೋಡೆಗೆ ಹಾಕಿದರೆ ಕದ್ದ ಹಾಗಾಗುತ್ತದೆ ಎಂದಳು.

ಫ್ರೇಮಿನಕ್ಕ ಫೋಟೋ ಇಟ್ಟು ಹೋಗಿ ಎಂದಷ್ಟೇ ಅಂದಳು. ಮುದುಕಿ ಹೋದ ಮೇಲೆ ಅದನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಅವತ್ತು ಅವಳು ಕೊಯ್ದ ಗಾಜು ಎರಡು ಸಲ ವಕ್ರವಾಗಿ ಒಡೆಯಿತು. ಉದ್ದಣ್ಣನ ಮುಖ ಕಣ್ಣ ಮುಂದೆ ಬಂದಾಗಲೆಲ್ಲ, ಆ ಮುಖದ ಜಾಗದಲ್ಲಿ ಅಪ್ಪ ಇರಬಹುದಿತ್ತು ಅನ್ನಿಸುತ್ತಿತ್ತು. ಅಪ್ಪನಿಗೂ ಹಾಗೇ ಕೂದಲು ನರೆಯುತ್ತಿತ್ತು, ಮಗಳ ಮದುವೆಗೆ ಓಡಾಡುತ್ತಿದ್ದ.

ಸಂಜೆ ಅವ್ವನ ಹತ್ತಿರ ಹೋದಳು. ಅವ್ವ ಹಿತ್ತಿಲ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಮಗಳು ನಿಂತೇ ಎಲ್ಲವನ್ನೂ ಹೇಳಿದಳು. ಅವ್ವನ ಬೆರಳು ನಿಲ್ಲಲಿಲ್ಲ.

"ಗೊತ್ತು. ಹಿಂದಿನ ದಿನಾನೇ ಹೇಳಿದ್ರು ನಿಮ್ಮಪ್ಪ. ಪಾಪ, ಮದುವೆ ಒಂದೇ ಸಲ ಆಗೋದು, ಹೋಗಲಿ ಬಿಡು ಅಂದ್ರು."

"ಐವತ್ತು ವರ್ಷ ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಆ ಮನುಷ್ಯನ್ನ ದ್ವೇಷ ಮಾಡ್ತಿದ್ದೆ. ದ್ವೇಷಕ್ಕೂ ದಿನಾ ಅನ್ನ ಹಾಕಿ ಸಾಕಬೇಕು ಕಣೇ. ನನಗೆ ನಿನ್ನೊಬ್ಬಳನ್ನ ಸಾಕೋದೇ ಸಾಕಾಗಿತ್ತು."

ಮಗಳು ಮೆಟ್ಟಿಲ ಮೇಲೆ ಕೂತಳು. ಅವಳೂ ಒಂದು ಹಿಡಿ ಅವರೆ ಎಳೆದುಕೊಂಡು ಸುಲಿಯತೊಡಗಿದಳು. ಅವ್ವ ಮತ್ತೆ ಆ ಮಾತು ಎತ್ತಲಿಲ್ಲ, ಸಾರಿಗೆ ಉಪ್ಪು ಜಾಸ್ತಿ ಹಾಕಬೇಡ ಎಂದು ಡಾಕ್ಟರು ಹೇಳಿದ್ದನ್ನು ದೂರಿಕೊಂಡಳು.

ಮಾರನೇ ದಿನ ಫ್ರೇಮಿನಕ್ಕ ಫೋಟೋವನ್ನು ಮಗುಚಿ ಚೆನ್ನಾಗಿ ನೋಡಿದಳು. ಹುಡುಗ ಎತ್ತರಕ್ಕೆ ನಾಚಿದವನಂತೆ ಭುಜ ಇಳಿಬಿಟ್ಟು ನಿಂತಿದ್ದ. ಪಕ್ಕದ ಹುಡುಗಿ ನಗು ತಡೆಯುತ್ತಿದ್ದಳು. ಇಬ್ಬರಿಗೂ ಇಪ್ಪತ್ತು ದಾಟಿದ್ದರೆ ಹೆಚ್ಚು. ಮುಂದಿನ ಗಳಿಗೆಯಲ್ಲಿ ಬರುವ ಸುದ್ದಿ ಅವರಿಗೆ ಗೊತ್ತಿರಲಿಲ್ಲ. ತೇಗದ ಪಟ್ಟಿಯಲ್ಲೇ ಒಳ್ಳೆಯದನ್ನು ಆರಿಸಿ, ಕೆನೆಬಣ್ಣದ ರಟ್ಟಿನ ಅಂಚು ಕೊಟ್ಟು, ಮೂಲೆಗಳನ್ನು ಉಗುರು ಸಿಕ್ಕದಷ್ಟು ಬಿಗಿಯಾಗಿ ಕೂರಿಸಿದಳು.

ಆ ತಾರೀಖು ಬಂತು. ಗೇಟಿನ ಮುಂದೆ ಸೈರನ್ ಕೂಗಿತು, ನಿಂತಿತು. ಉದ್ದಣ್ಣ ಎಂದಿನಂತೆ ಹಿಂದಿನಿಂದಲೇ ಜಾರಿಕೊಂಡ. ಮಧ್ಯಾಹ್ನ ಊಟವಾದ ಮೇಲೆ ಫ್ರೇಮಿನಕ್ಕ ಅವ್ವನನ್ನು ಜೊತೆಗೆ ಕರೆದುಕೊಂಡು ಅವನ ಮನೆಗೆ ಹೋದಳು. ಬಾಗಿಲು ತೆಗೆದ ಮುದುಕ ಇಬ್ಬರನ್ನೂ ನೋಡಿ, ಫೋಟೋ ನೋಡಿ, ಬಾಗಿಲಲ್ಲೇ ನಿಂತುಬಿಟ್ಟ.

"ಇವತ್ತು ಬೇಡ ತಾಯಿ" ಎಂದ. "ಇವತ್ತು ನನಗೆ ಹಕ್ಕಿಲ್ಲ."

ಫ್ರೇಮಿನಕ್ಕ ಫೋಟೋ ಹಿಡಿದುಕೊಂಡೇ ಹೊಸಿಲು ದಾಟಿದಳು.

"ಈ ದಿನ ನಮ್ಮಪ್ಪ ನಿಮಗೆ ಕೊಟ್ಟಿದ್ದು" ಎಂದಳು. "ಕೊಟ್ಟಿದ್ದನ್ನ ಬಳಸದೆ ಮೂಲೆಗೆ ಇಟ್ರೆ, ಕೊಟ್ಟವರಿಗೆ ಬೇಜಾರಾಗಲ್ವಾ? ಸುತ್ತಿಗೆ ಎಲ್ಲಿದೆ ಹೇಳಿ."

ಮುದುಕನ ಹೆಂಡತಿ ಒಳಗಿನಿಂದ ಸುತ್ತಿಗೆ ತಂದು ಕೊಟ್ಟಳು. ಮೊಳೆ ಹೊಡೆಯಲು ಕುರ್ಚಿ ಬೇಕಾಗಲಿಲ್ಲ, ಉದ್ದಣ್ಣನೇ ಕೈಯೆತ್ತಿ ಹೊಡೆದ. ಸ್ವಲ್ಪ ಸೊಟ್ಟಗೆ ಕೂತಿತು. ಅವ್ವ ದೂರದಿಂದ ನೋಡಿ, ಎಡಕ್ಕೆ ಇನ್ನೊಂಚೂರು ಎಂದು ಸರಿ ಮಾಡಿಸಿದಳು.

ಆಮೇಲೆ ನಾಲ್ವರೂ ಕೂತರು. ಟೀ ಬಂತು. ಅವ್ವ, ಕೆಲಸದ ಹೊತ್ತಿನಲ್ಲಿ ನಮ್ಮವರು ಹೇಗಿರ್ತಿದ್ರು, ಮನೆಯಲ್ಲಂತೂ ಮಾತೇ ಕಮ್ಮಿ ಎಂದು ಕೇಳಿದಳು. ಮುದುಕ ಲೋಟ ಕೆಳಗಿಟ್ಟ.

"ಅಯ್ಯೋ, ಅಲ್ಲಿ ಸುಮ್ಮನೆ ಇರ್ತಿದ್ದನಾ ಅವನು? ಬೆಂಕಿಗೆ ಕಲ್ಲಿದ್ದಲು ಹಾಕ್ತಾ ಹಾಡೋನು. ರಾಗ ಇಲ್ಲ, ತಾಳ ಇಲ್ಲ. ನಿಲ್ಲಿಸೋ ಮಾರಾಯ, ಬಾಯ್ಲರೇ ಕಿವಿ ಮುಚ್ಕೊಳ್ತದೆ ಅಂತ ಬೈತಿದ್ವಿ. ಇನ್ನೂ ಜೋರಾಗಿ ಹಾಡೋನು."

ಅವ್ವ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ಫ್ರೇಮಿನಕ್ಕ ಅಪ್ಪನನ್ನು ಕಂಡದ್ದು ಗಾಜಿನ ಹಿಂದೆ, ಬಾಯಿ ಮುಚ್ಚಿಕೊಂಡು ನೇರ ನೋಡುವ ಮುಖದಲ್ಲಿ ಮಾತ್ರ. ಅವಳು ಕುರ್ಚಿಯನ್ನು ಮುದುಕನ ಹತ್ತಿರಕ್ಕೆ ಎಳೆದುಕೊಂಡು, ಯಾವ ಹಾಡು ಎಂದು ಕೇಳಿದಳು.