ವಿನೋದಾಳ ಸ್ವರ

ವಿನೋದಾ ಹೋಗಿ ನಲವತ್ತು ದಿನವಾಯಿತು. ಸೌದಿಯ ತಾಯಿಫ್ ನಗರದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಹದಿನೇಳು ವರ್ಷ ನಾವಿಬ್ಬರೂ ಅಕ್ಕಪಕ್ಕ ಕುಳಿತು ಜನರ ರಕ್ತ ಪರೀಕ್ಷಿಸಿದವರು. ಅವಳು ಕಾಪುವಿನವಳು, ನಾನು ಉಳ್ಳಾಲದ ಬ್ಯಾರಿ ಮುಸ್ಲಿಂ ಹೆಂಗಸು. ತಮ್ಮನಿಗೆ ಮನೆ ಕಟ್ಟಿಸಿ, ಅವನ ಮಗಳು ಶರ್ವಾಣಿಯನ್ನು ಓದಿಸುವಷ್ಟರಲ್ಲಿ ಅವಳಿಗೆ ನಲವತ್ತಾರಾಗಿತ್ತು. ಮದುವೆಯಾಗಲಿಲ್ಲ. ಸ್ವರಕ್ಕೆ ಮಾತ್ರ ವಯಸ್ಸಾಗಿರಲಿಲ್ಲ.

ಗಲ್ಫಿನ ತುಳುವರ ಫೇಸ್‌ಬುಕ್ ಗುಂಪಿನಲ್ಲಿ ಅವಳು ತನ್ನ ಫೋಟೋ ಹಾಕಿದಾಗ ಯಾರೂ ಮಾತಾಡಿಸಲಿಲ್ಲ. ಆಮೇಲೆ ಯಶ್ಮಿತಾ ಎಂಬ ಹೆಸರಿಟ್ಟು ಶರ್ವಾಣಿಯ ಫೋಟೋ ಹಾಕಿದಳು. ಮೊದಲು ಬರೆದವನು ಸುಜಿತ್, ಅಲ್ ಖರ್ಜಿನ ಹಾಲಿನ ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಮಾಡುವವನು, ಮೂವತ್ತು ವರ್ಷ. ಏಳು ತಿಂಗಳು ವಾಯ್ಸ್ ಮೆಸೇಜುಗಳಲ್ಲೇ ನಡೆಯಿತು. ವಿಡಿಯೋ ಕೇಳಿದರೆ ಹಾಸ್ಟೆಲಿನ ನಿಯಮ ಎನ್ನುತ್ತಿದ್ದಳು. ಕೆಲಸದ ನಡುವೆ ಅವನ ಸ್ವರ ಕೇಳುತ್ತ ಒಬ್ಬಳೇ ನಗುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು, ಸ್ವಲ್ಪ ಹೊಟ್ಟೆಕಿಚ್ಚೂ.

ಒಂದು ದಿನ ಅವನು ತನ್ನ ಬರಿ ಹೇಳಿ ಅವಳದ್ದು ಕೇಳಿದ. ತುಳುವರಲ್ಲಿ ಬರಿಯೆಂದರೆ ತಾಯಿಯಿಂದ ಬರುವ ಕುಲ. ಒಂದೇ ಬರಿಯವರು ಅಣ್ಣತಂಗಿಯರ ಲೆಕ್ಕ, ಮದುವೆ ಕೂಡದು.

“ಅವನದ್ದೇ ಬರಿ ಹೇಳಿಬಿಡು, ಇಲ್ಲಿಗೆ ಮುಗೀತದೆ” ಎಂದೆ.

“ಬಾಕಿ ಎಲ್ಲ ಸುಳ್ಳೇ ಹೇಳಿದ್ದೇನೆ ಮಾರಾಯ್ತಿ. ಇದೊಂದು ನನ್ನದೇ ಇರ್ಲಿ.”

ತನ್ನ ನಿಜವಾದ ಬರಿಯನ್ನೇ ಬರೆದಳು. ಹಾಗಾದರೆ ಮದುವೆಗೆ ಅಡ್ಡಿಯಿಲ್ಲ ಎಂದು ಉತ್ತರ ಬಂತು. ಅಂದು ಸಂತೋಷಕ್ಕೆ ಅವಳಿಗೆ ಊಟ ಸೇರಲಿಲ್ಲ.

ಆ ಧೈರ್ಯದ ಮೇಲೆ ಸುಜಿತ್ ಫೋಟೋವನ್ನು ಊರಿನಲ್ಲಿದ್ದ ತಾಯಿಗೆ ಕಳಿಸಿದ. ನೆಂಟರೊಬ್ಬರು ಮುಖ ಗುರುತಿಸಿದರು. ಮನೆಯವರು ಹೆಣ್ಣು ಕೇಳಲು ಕಾಪುವಿಗೇ ಹೋದರು. ಶರ್ವಾಣಿ, ಯಾರೋ ತನ್ನ ಫೋಟೋ ಕದ್ದಿದ್ದಾರೆ ಎಂದಳು. ವಿಷಯ ತಿಳಿದ ದಿನವೇ ವಿನೋದಾ ಖಾತೆ ಅಳಿಸಿದಳು. ಆದರೆ ಬಂದವರಿಗೆ ಹುಡುಗಿ ಹಿಡಿಸಿದ್ದಳು, ಅವಳ ತಾಯಿಯ ಬರಿಯೂ ಸುಜಿತನದ್ದಲ್ಲ. ಸುಜಿತ್ ರಜೆ ಹಾಕಿ ಹೋಗಿ ನೋಡಿ ಒಪ್ಪಿದ. ಯಾವಳೋ ಮೋಸಗಾತಿಯಿಂದ ಉಪಕಾರವಾಯಿತು ಎಂದು ಎರಡೂ ಮನೆಗಳಲ್ಲಿ ನಕ್ಕರಂತೆ.

ನಿಶ್ಚಿತಾರ್ಥದ ದಿನ ಲ್ಯಾಬಿಗೆ ವಿಡಿಯೋ ಕಾಲ್ ಬಂತು. ಶರ್ವಾಣಿ ಫೋನನ್ನು ಅವನ ಕೈಗೆ ಕೊಟ್ಟಳು.

“ಎಂತ ಅತ್ತೆ, ನಮಗೆ ಒಂದು ಮಾತೂ ಇಲ್ವಾ?” ಎಂದ ಸುಜಿತ್.

ವಿನೋದಾ ಗಂಟಲು ಮುಟ್ಟಿ ತೋರಿಸಿದಳು. ಗಂಟಲು ಕಟ್ಟಿದೆ ಎಂದು ನಾನು ಸುಳ್ಳು ಹೇಳಿದೆ. ಅವಳ ಪರವಾಗಿ ನಾನೇ ಹರಸಿದೆ.

ಮದುವೆಗೆ ರಜೆ ಸಿಗಲಿಲ್ಲ ಎಂದಳು. ಅವಳು ಕೇಳಿಯೇ ಇರಲಿಲ್ಲ. ಊರಿಗೆ ಫೋನ್ ಮಾಡುವುದನ್ನೂ ಬಿಟ್ಟಳು, ಬರೆದು ಕಳಿಸುತ್ತಿದ್ದಳು. ಗಂಡನೊಡನೆ ಅಲ್ ಖರ್ಜಿಗೆ ಬಂದಿಳಿದ ಶರ್ವಾಣಿ ತಾಯಿಫಿಗೆ ಬರುತ್ತೇವೆ ಎಂದಾಗಲೆಲ್ಲ ಡ್ಯೂಟಿ ಇದೆ ಎಂದು ಉತ್ತರಿಸಿದಳು. ಒಂದು ಬೆಳಿಗ್ಗೆ ನನ್ನ ಪಕ್ಕದಲ್ಲೇ ಕುಸಿದಳು. ಮೆದುಳಿನಲ್ಲಿ ರಕ್ತಸ್ರಾವ. ಕಾಗದಪತ್ರ ಮುಗಿಯುವವರೆಗೆ ಹನ್ನೊಂದು ದಿನ ನಮ್ಮ ಆಸ್ಪತ್ರೆಯ ಶವಾಗಾರದಲ್ಲಿದ್ದಳು.

ನಿನ್ನೆ ಶರ್ವಾಣಿ ಫೋನ್ ಮಾಡಿದ್ದಳು. “ಆಮಿನತ್ ಆಂಟಿ, ನಮ್ಮ ಯಾರ ಫೋನಿನಲ್ಲಿಯೂ ಅತ್ತೆಯ ಸ್ವರ ಇಲ್ಲ. ನಿಮ್ಮಲ್ಲಿ ಉಂಟಾ?”

ಇಲ್ಲವೆಂದೆ. ಅವಳ ಹಿಂದೆ ಸುಜಿತ್ ಚಹಾ ಕೇಳುವುದು ಕೇಳಿಸಿತು. ಏಳು ತಿಂಗಳ ಸ್ವರ ಅವನ ಫೋನಿನಲ್ಲಿದೆ, ಮೋಸಗಾತಿಯದೆಂದು ಅವನು ಅಳಿಸದಿದ್ದರೆ.